ಶೂ ನಾಲಿಗೆ ದಪ್ಪಗಿದ್ದ ಕಾಲ

ಕಳೆದ ವಾರದಿಂದ ನಮ್ಮ ಮನೆಯಲ್ಲಿ ಬಾಗಿಲಿನಿಂದ ಅಡುಗೆಮನೆಯ ಒಲೆಯವರೆಗೆ ಕರಿಯ ಪುಡಿ ಬೀಳುತ್ತಿದೆ. ಮೊದಲ ದಿನ ನನ್ನ ಹೆಂಡತಿ ಒಗ್ಗರಣೆಯ ಸಾಸಿವೆ ಚೆಲ್ಲಿದ್ದೇನೆಂದು ತಿಳಿದು ನನ್ನನ್ನು ಗದರಿದಳು. ಮರುದಿನ ಇಲಿಯ ಹಿಕ್ಕೆಯೆಂದು ತಿಳಿದು, ಬೋನು ಇಡಲಿಲ್ಲವೆಂದು ಗದರಿದಳು. ಎರಡು ಸಲವೂ ಬೈಸಿಕೊಂಡವನು ನಾನೇ ಆದದ್ದರಿಂದ ಪತ್ತೇದಾರಿಕೆಯ ಹೊಣೆಯೂ ನನ್ನ ಮೇಲೆಯೇ ಬಿತ್ತು. ಪೊರಕೆ ಹಿಡಿದು ಪುಡಿಯ ಜಾಡಿನಲ್ಲೇ ಹಿಂದಕ್ಕೆ ಹೋದರೆ ಅದು ಮುಗಿದದ್ದು ಚಪ್ಪಲಿ ಸ್ಟ್ಯಾಂಡಿನ ಮುಂದೆ, ಹೈಸ್ಕೂಲಿನಲ್ಲಿರುವ ಮಗಳು ಇಂಟರ್ನೆಟ್ಟಿನಲ್ಲಿ ಯಾರಿಂದಲೋ ಕೊಂಡು ತರಿಸಿದ್ದ ಒಂದು ಜೊತೆ ಸೆಕೆಂಡ್ ಹ್ಯಾಂಡ್ ಸ್ಕೇಟ್ ಶೂಗಳ ಬುಡದಲ್ಲಿ. ಸ್ಕೇಟ್‌ಬೋರ್ಡ್ ಎಂಬ ಚಕ್ರದ ಹಲಗೆಯ ಮೇಲೆ ನಿಂತು ಆಡುವವರ ಶೂ ಅದು. 2001ರ ಸುಮಾರಿನ ಮಾಲು. ಸ್ಟ್ಯಾಂಡಿನ ಒಂದು ಇಡೀ ಅಂತಸ್ತನ್ನು ಆಕ್ರಮಿಸಿಕೊಂಡು, ಮದುವೆ ಮನೆಯಲ್ಲಿ ಎರಡು ಪಂಕ್ತಿ ಉಂಡು ಎದ್ದ ಭಾವನಂತೆ ಉಬ್ಬಿಕೊಂಡು ಕುಳಿತಿತ್ತು. ಮೇಲ್ಭಾಗವೆಲ್ಲ ನೆಟ್ಟಗಿದೆ, ಹಿಮ್ಮಡಿಯ ಕೆಳಗಿನ ಮೆತ್ತೆ ಮಾತ್ರ ಬೆರಳು ಸೋಕಿದರೆ ಉದುರುತ್ತದೆ.

“ಇದರ ಅಡಿಯೆಲ್ಲ ಪುಡಿಯಾಗುತ್ತಿದೆಯಲ್ಲಮ್ಮ” ಎಂದೆ.

“ಅದಕ್ಕೇ ಅಪ್ಪ, ಒರಿಜಿನಲ್ ಅಂತ ಗೊತ್ತಾಗೋದು” ಎಂದಳು.

ಆ ಕಾಲದ ಎಷ್ಟೋ ಶೂಗಳ ನಡುವಿನ ಮೆತ್ತೆಗೆ ಪಾಲಿಯುರಿಥೇನ್ ಬಳಸುತ್ತಿದ್ದರು. ಗಾಳಿಯ ತೇವವನ್ನು ವರ್ಷಗಟ್ಟಲೆ ಹೀರಿಕೊಂಡು ಅದು ಒಳಗಿಂದೊಳಗೇ ಮುರಿಯುತ್ತದೆ. ಡಬ್ಬಿಯಲ್ಲಿ ಜೋಪಾನವಾಗಿ ಮುಚ್ಚಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ. ಇಂಥ ಪುಡಿಯ ಮೂಟೆಗೆ ಮಗಳು ಕೊಟ್ಟ ಬೆಲೆ ಅಂಗಡಿಯ ಹೊಸ ಶೂಗಳ ಬೆಲೆಗಿಂತ ಹೆಚ್ಚು. ಆದರೂ ನನಗೆ ನಿಜವಾಗಿ ಕೆರಳಿದ್ದು ಹಣದ ವಿಷಯಕ್ಕಲ್ಲ. 2000ದ ಇಸವಿಯಲ್ಲಿ ಸ್ಕೇಟರುಗಳು ಹೇಗೆ ಉಡುತ್ತಿದ್ದರು, ಲೇಸನ್ನು ಎಷ್ಟು ಸಡಿಲ ಬಿಡುತ್ತಿದ್ದರು, ಪ್ಯಾಂಟಿನ ಅಂಚು ಶೂಗಳ ಮೇಲೆ ಎಲ್ಲಿ ಕೂರಬೇಕಿತ್ತು ಎಂಬುದನ್ನೆಲ್ಲ ಆಕೆ ಫೋನಿನಲ್ಲಿ ನೋಡಿಕೊಂಡು ನನಗೆ ಪಾಠ ಹೇಳುತ್ತಾಳೆ. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕೊಡುತ್ತಿದ್ದ ಮನುಷ್ಯನಿಗೆ!

2000ದ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ಸರಿಪಡಿಸುವ ವೈಟುಕೆ ಕೆಲಸದ ಪುಣ್ಯದಿಂದ ಬೆಂಗಳೂರಿನಲ್ಲಿ ವಿಮಾನ ಹತ್ತಿದ ಹುಡುಗರ ಹಿಂಡಿನಲ್ಲಿ ನಾನೂ ಒಬ್ಬನಾಗಿ 1999ರಲ್ಲಿ ಇಲ್ಲಿಗೆ ಬಂದೆ. ಆ ವರ್ಷದ ಜೂನ್ 27ರಂದು ಇದೇ ಊರಿನಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡೆಗಳ ಕೂಟದಲ್ಲಿ ಹೆಸರಾಂತ ಸ್ಕೇಟರ್ ಟೋನಿ ಹಾಕ್, ಮತ್ತೆ ಮತ್ತೆ ಬಿದ್ದು ಕೊನೆಗೊಮ್ಮೆ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಹಲಗೆಯ ಮೇಲೆ ನಿಂತಿದ್ದ. ಅವನ ಹೆಸರಿನ ವಿಡಿಯೊ ಗೇಮ್ ಕೂಡ ಅದೇ ವರ್ಷ ಪ್ಲೇಸ್ಟೇಷನ್ನಿಗೆ ಬಂತು. ಅಲ್ಲಿಂದ ಮುಂದೆ ಮಾಲ್‌ಗಳಲ್ಲಿ ಎಲ್ಲಿ ನೋಡಿದರೂ ದಪ್ಪ ಶೂಗಳೇ. ಅದಕ್ಕೂ ಹಿಂದಿನ ಸ್ಕೇಟ್ ಶೂ ಬಡಕಲಾಗಿತ್ತು: 1966ರಲ್ಲಿ ಆನಹೈಮ್‌ನಲ್ಲಿ ಬಾಗಿಲು ತೆರೆದ ವ್ಯಾನ್ಸ್ ಅಂಗಡಿಯದು ಕ್ಯಾನ್ವಾಸಿನ ಸಾದಾ ಶೂ, ಕೆಳಗೆ ಕಚ್ಚಿ ಹಿಡಿಯುವ ರಬ್ಬರಿನ ಅಡಿ, ಅಷ್ಟೇ. ತೊಂಬತ್ತರ ದಶಕದಲ್ಲಿ ಹೊಸ ಕಂಪನಿಗಳು ಬಂದವು. ಎಟ್ನೀಸ್ ಫ್ರಾನ್ಸಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾಕ್ಕೆ ಸಂಸಾರ ಸಾಗಿಸಿತು, ಡಿಸಿ 1994ರಲ್ಲಿ ಶುರುವಾಯಿತು, ಒಸೈರಿಸ್ 1996ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಕಣ್ಣುಬಿಟ್ಟಿತು. ಇವರೆಲ್ಲ ಸೇರಿ ಶೂಗೆ ಮೆತ್ತೆಯ ಮೇಲೆ ಮೆತ್ತೆ ಇಟ್ಟು, ಹಿಮ್ಮಡಿಯಲ್ಲಿ ಗಾಳಿಯ ಗುಳ್ಳೆ ಕೂರಿಸಿ, ಪಕ್ಕಕ್ಕೆ ಪ್ಲಾಸ್ಟಿಕ್ಕಿನ ಬಳೆಗಳನ್ನು ಹೊಲಿದು, ಕೆಲವದರ ನಾಲಿಗೆಯಲ್ಲಿ, ಎಂದರೆ ಲೇಸಿನ ಕೆಳಗಿನ ಪಟ್ಟಿಯಲ್ಲಿ, ಒಂದು ಗುಟ್ಟಿನ ಜೇಬನ್ನೂ ಇಟ್ಟರು. ಡೇವ್ ಮೇಹ್ಯೂ ಎಂಬ ಸ್ಕೇಟರನ ಹೆಸರಿನಲ್ಲಿ ಒಸೈರಿಸ್ ಹೊರತಂದ ಡಿ3 ಈ ಸ್ಥೂಲಕಾಯರ ವಂಶಕ್ಕೆ ಹಿರಿಯಣ್ಣ.

ದಪ್ಪಕ್ಕೆ ಕಾರಣವಿಲ್ಲದಿರಲಿಲ್ಲ, ಅದನ್ನು ಒಪ್ಪಲೇಬೇಕು. ಹಲಗೆಯ ಬಾಲವನ್ನು ಹಿಂಗಾಲಿನಿಂದ ನೆಲಕ್ಕೆ ಬಡಿದು, ಮುಂಗಾಲಿನ ಹೊರ ಅಂಚನ್ನು ಹಲಗೆಯ ಮೇಲೆ ಉಜ್ಜುತ್ತಾ ಎಳೆದರೆ ಹಲಗೆ ಕಾಲಿಗೆ ಅಂಟಿಕೊಂಡೇ ಮೇಲೇಳುತ್ತದೆ. ಸ್ಕೇಟರುಗಳು ಆಲಿ ಎನ್ನುವ ಜಿಗಿತವೆಂದರೆ ಇದೇ. ಹಲಗೆಯ ಮೇಲಿನ ಹಾಳೆ ಉಪ್ಪುಕಾಗದದ ಜಾತಿಯದು. ಹಾಗಾಗಿ ಕಿರುಬೆರಳಿನ ಪಕ್ಕದಲ್ಲಿ ಶೂ ಸವೆದು ತೂತಾಗುತ್ತದೆ, ಲೇಸುಗಳು ಕತ್ತರಿಸಿ ಹೋಗುತ್ತವೆ, ಮಗುಚಿ ಬಂದ ಹಲಗೆ ಪಾದದ ಮೇಲೆಯೇ ಅಪ್ಪಳಿಸುತ್ತದೆ. ಅದಕ್ಕೆ ಸ್ವೇಡ್ ಚರ್ಮ, ಅದಕ್ಕೆ ಲೇಸಿನ ಮೇಲೊಂದು ಮುಚ್ಚಳ, ಅದಕ್ಕೆ ದಪ್ಪ ನಾಲಿಗೆ. ಎಂಬಾರ್ಕಡೆರೊ ರಸ್ತೆಯ ಪಿಯರ್ 7ರಲ್ಲಿ ಮಧ್ಯಾಹ್ನ ಡಬ್ಬಿಯ ಮೊಸರನ್ನ ತಿನ್ನುತ್ತಾ ನಾನು ಆ ಹುಡುಗರನ್ನು ನೋಡುತ್ತಿದ್ದೆ. ಬೀಳುತ್ತಿದ್ದರು, ಏಳುತ್ತಿದ್ದರು, ಮೊಣಕೈಯ ರಕ್ತವನ್ನು ಜೋಲು ಪ್ಯಾಂಟಿಗೆ ಒರೆಸಿಕೊಂಡು ಮತ್ತದೇ ಕಟ್ಟೆಯ ಕಡೆಗೆ ಉರುಳುತ್ತಿದ್ದರು. ಅವರಲ್ಲಿ ಒಬ್ಬನ ಶೂ ಕೂಡ ಚಂದವಾಗಿರಲಿಲ್ಲ. ತೂತಿಗೆ ಶೂ ಗೂ ಎಂಬ ಅಂಟನ್ನು ಬಳಿದು ಬಳಿದು ಮುಂದಿನ ಮೂತಿಯೆಲ್ಲ ಗಂಟುಗಂಟಾಗಿ ಹೊಳೆಯುತ್ತಿತ್ತು.

ಚಂದದ ಶೂ ಇದ್ದದ್ದು ನನ್ನ ರೂಮ್‌ಮೇಟಿನ ಹತ್ತಿರ. ಹಾಸನದವನು. ಸ್ಕೇಟ್‌ಬೋರ್ಡನ್ನು ಅವನು ಜನ್ಮದಲ್ಲಿ ಹತ್ತಿದವನಲ್ಲ. ಫುಟ್‌ಪಾತಿನಲ್ಲಿ ಎದುರಿಗೊಂದು ಬಂದರೆ ಹಸು ಹಾಯಲು ಬಂತೇನೋ ಎಂಬ ಗಾಬರಿಯಲ್ಲಿ ಪಕ್ಕಕ್ಕೆ ಸರಿಯುತ್ತಿದ್ದ. ಆದರೆ ಉಡುಪಿನಲ್ಲಿ ಅವನಿಗಿಂತ ನಿಷ್ಠಾವಂತ ಸ್ಕೇಟರನನ್ನು ನಾನು ಕಂಡಿಲ್ಲ. ಎರಡೂ ಕಾಲನ್ನು ಒಂದೇ ಕೊಳವೆಯಲ್ಲಿ ತೂರಿಸಬಹುದಾದ ಜಿಂಕೋ ಜೀನ್ಸ್, ಸೊಂಟದಿಂದ ಮೊಣಕಾಲಿಗೆ ಇಳಿಬಿದ್ದ ಸರಪಳಿ, ಸರಪಳಿಯ ತುದಿಗೊಂದು ಪರ್ಸು. ಆ ಪರ್ಸಿನಲ್ಲಿ ಬಸ್ ಪಾಸು, ಸೋಷಿಯಲ್ ಸೆಕ್ಯೂರಿಟಿ ಕಾರ್ಡು ಮತ್ತು ಮಂತ್ರಾಲಯದ ರಾಯರ ಪಟ ಬಿಟ್ಟರೆ ಕದಿಯಬಹುದಾದದ್ದು ಏನೂ ಇರುತ್ತಿರಲಿಲ್ಲ. ಶನಿವಾರ ರಾತ್ರಿ ನೆಲದ ಮೇಲೆ ಪೇಪರು ಹಾಸಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಟೂತ್‌ಪೇಸ್ಟು ಹಚ್ಚಿ, ಶೂಗಳ ಬಿಳಿಯ ರಬ್ಬರನ್ನು ಒಂದು ಗಂಟೆ ಉಜ್ಜುತ್ತಿದ್ದ. ಪೇಸ್ಟು ಮಾತ್ರ ನನ್ನದು. ಮಳೆ ಬಂದರೆ ಆ ಶೂಗಳನ್ನು ದಿನಸಿ ಅಂಗಡಿಯ ಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಹವಾಯಿ ಚಪ್ಪಲಿಯಲ್ಲಿ ಬಸ್ ಸ್ಟಾಪಿಗೆ ನಡೆಯುತ್ತಿದ್ದ.

ಒಂದು ಅನುಕೂಲವನ್ನು ಮಾತ್ರ ಅವನ ಪರವಾಗಿ ಹೇಳಬೇಕು. ಲೇಸನ್ನು ಅವನು ಎಂದೂ ಬಿಗಿಯುತ್ತಿರಲಿಲ್ಲ. ತುದಿಗಳಿಗೆ ಒಳಗಡೆ ಗಂಟು ಹಾಕಿ, ಹೊರಗೆ ಸಡಿಲವಾಗಿ ಜೋಲುಬಿಡುತ್ತಿದ್ದ. ಲಿವರ್ಮೋರಿನ ಶಿವ-ವಿಷ್ಣು ದೇವಸ್ಥಾನದ ಮುಂದೆ ನಾವೆಲ್ಲ ಬಗ್ಗಿ, ಉಗುರಿನಲ್ಲಿ ಗಂಟು ಕೆದಕುತ್ತಾ ಒದ್ದಾಡುತ್ತಿದ್ದರೆ ಇವನು ನಡಿಗೆಯನ್ನೇ ನಿಲ್ಲಿಸದೆ ಶೂಗಳಿಂದ ಹೊರಬಂದು ಒಳಗೆ ಪ್ರದಕ್ಷಿಣೆಗೆ ಹೊರಟಿರುತ್ತಿದ್ದ. ಮೆಟ್ಟು ಹೊರಗೆ ಬಿಡುವ ಜನಕ್ಕೆ ಇದಕ್ಕಿಂತ ಹೊಂದುವ ಶೂಗಳನ್ನು ಯಾವ ಕಂಪನಿಯೂ ಮಾಡಿಲ್ಲ.

ಅವನಿಗಿದ್ದ ಕೊರಗು ಒಂದೇ: ನಾಲಿಗೆ ಸಾಲದು. ಅಂಗಡಿಯಲ್ಲಿ ಬಂದ ದಪ್ಪ ಅವನ ಕಣ್ಣಿಗೆ ತೆಳ್ಳಗೆ ಕಾಣುತ್ತಿತ್ತು. ಇಲ್ಲಿನ ಶಾಲೆಯ ಹುಡುಗರು ನಾಲಿಗೆಯ ಹಿಂದೆ ಸಾಕ್ಸ್ ತುರುಕಿ ಉಬ್ಬಿಸುವುದನ್ನು ಎಲ್ಲೋ ಗಮನಿಸಿ ಬಂದವನು ತಾನೂ ಒಂದು ಜೊತೆಯಿಂದ ಆರಂಭಿಸಿದ. ಬರಬರುತ್ತಾ ಅದು ಎರಡಾಯಿತು, ಮೂರಾಯಿತು. ಅಷ್ಟು ಸಾಕ್ಸಿಗೂ ಕಾಲಿಗೂ ಒಟ್ಟಿಗೆ ಜಾಗ ಸಾಲದೆ ದೊಡ್ಡ ಸೈಜಿನ ಶೂಗಳನ್ನೇ ತಂದ. ಬೆಳಿಗ್ಗೆ ಆಫೀಸಿಗೆ ಹೊತ್ತಾದಾಗ ನಾನು ಬೀರುವಿನಲ್ಲಿ ಸಾಕ್ಸ್ ಹುಡುಕುತ್ತಿದ್ದರೆ, ನನ್ನವೇ ಎರಡು ಜೊತೆ ಅವನ ಶೂಗಳ ಗಂಟಲಲ್ಲಿ ಸಿಕ್ಕಿಕೊಂಡಿರುತ್ತಿದ್ದವು.

ಹೀಗಿರುವಾಗ ಒಂದು ಯುಗಾದಿಗೆ ಸನ್ನಿವೇಲಿನ ಕನ್ನಡದ ಮನೆಯೊಂದರವರು ನಮ್ಮಂಥ ಒಂಟಿ ಹುಡುಗರನ್ನೆಲ್ಲ ಊಟಕ್ಕೆ ಕರೆದರು. ಆ ಮನೆಯಲ್ಲಿ ತಿಪಟೂರಿನಿಂದ ಬಂದ ಅಜ್ಜಿಯೊಬ್ಬರಿದ್ದರು. ಅಮೆರಿಕದಲ್ಲಿ ಮಾಡಲು ಕೆಲಸವೇ ಇಲ್ಲವೆಂದು ಬೇಸತ್ತಿದ್ದ ಅವರು, ನಾವು ಒಳಗೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಬಾಗಿಲ ಮುಂದಿನ ಮೆಟ್ಟುಗಳನ್ನೆಲ್ಲ ಜೋಡಿಸಲು ಹೋದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು, ಪಂಕ್ತಿಯ ನಡುವೆ ನಿಂತು ಕೇಳಿದರು:

“ಆ ದಪ್ಪ ಬೂಟಿನ ಹುಡುಗ ಯಾರಪ್ಪ?”

ಹಾಸನದವನು ಹೆಮ್ಮೆಯಿಂದಲೇ ಕೈ ಎತ್ತಿದ. ಶೂಗಳನ್ನು ಯಾರೋ ಗುರುತಿಸಿದರಲ್ಲ ಎಂಬ ಸಂತೋಷ.

“ಒಂಟಿ ಗಂಡುಮಕ್ಕಳಿಗೆ ಬಟ್ಟೆ ಒಗಿಯೋದು ಕಷ್ಟ ಅಂತ ನಂಗೊತ್ತಿಲ್ವೇನಪ್ಪ? ಹಂಗಂತ ಕೊಳೆ ಕಾಲುಚೀಲಾನೆಲ್ಲ ಬೂಟಲ್ಲಿ ಬಚ್ಚಿಟ್ಕೊಂಡು ಹಬ್ಬದೂಟಕ್ಕೆ ಬರ್ತಾರಾ? ನಾಚ್ಕೋಬೇಡ. ಎಲ್ಲಾನೂ ಮಿಷನ್ನಿಗೆ ಹಾಕಿದೀನಿ. ಒಣಗೋವರ್ಗೂ ಇನ್ನೊಂದು ಹೋಳಿಗೆ ತಿನ್ನು.”

“ಅಯ್ಯೋ, ಅವು ಕೊಳೆ ಅಲ್ಲ ಅಜ್ಜಿ. ಒಗೆದೇ ಇಟ್ಟಿದ್ದೆ.”

“ಒಗೆದಿದ್ದನ್ನ ಬೂಟಿನೊಳಗೆ ಯಾಕಪ್ಪ ಇಟ್ಟೆ?”

ಎಂಟ್ಹತ್ತು ಜನ ತುತ್ತನ್ನು ಕೈಯಲ್ಲೇ ಹಿಡಿದು ಉತ್ತರಕ್ಕಾಗಿ ಕಾದೆವು. ಕ್ಯಾಲಿಫೋರ್ನಿಯಾದ ಯುವಜನರ ಅಭಿರುಚಿಯನ್ನು ತಿಪಟೂರಿನ ಹಿರಿಯರಿಗೆ ಬಿಡಿಸಿ ಹೇಳುವ ಅವಕಾಶ ಹಾಗೆ ಒದಗಿ ಬಂದಿತ್ತು. ಅವನು ಎಲೆಯ ಕಡೆಗೆ ತಲೆ ಬಗ್ಗಿಸಿ ಇನ್ನೊಂದು ಹೋಳಿಗೆ ತಿಂದ.

ಡ್ರೈಯರ್ ನಿಲ್ಲುವ ಮೊದಲೇ ರೈಲಿನ ಹೊತ್ತಾಯಿತು. ಒಳಗಿನ ತುರುಕಲೆಲ್ಲ ಹೋದ ಮೇಲೆ ಶೂ ಅವನ ಕಾಲಿಗಿಂತ ಎಷ್ಟು ದೊಡ್ಡದೆಂಬುದು ಅವನಿಗೇ ಆಗ ತಿಳಿಯಿತು. ಬಿದ್ದುಹೋದ ನಾಲಿಗೆಯ ಶೂಗಳನ್ನು ನೆಲಕ್ಕೆ ಒರೆಸಿಕೊಂಡೇ ಸ್ಟೇಷನ್ನಿನವರೆಗೆ ಬಂದ. ಬೋಗಿಯ ಎತ್ತರದ ಮೆಟ್ಟಿಲನ್ನು ಹತ್ತುವಾಗ ಬಲಗಾಲಿನದು ಕಳಚಿ ಪ್ಲಾಟ್‌ಫಾರ್ಮಿಗೆ ಬಿತ್ತು, ಬಾಗಿಲು ಮುಚ್ಚಿತು, ರೈಲು ಹೊರಟಿತು. ಮುಂದಿನ ಸ್ಟೇಷನ್ನಿನಲ್ಲಿಳಿದು, ಎದುರಿನಿಂದ ಬರುವ ರೈಲಿಗೆ ಕಾದು, ಒಂಟಿ ಶೂನಲ್ಲೇ ನಾವು ವಾಪಸು ಬಂದಾಗ ಅದು ಬಿದ್ದಲ್ಲೇ ಇತ್ತು. ಅಷ್ಟು ಜನ ಓಡಾಡಿದರೂ ಯಾರೊಬ್ಬರೂ ಮುಟ್ಟಿರಲಿಲ್ಲ. ಇದು ಅಮೆರಿಕನ್ನರ ಪ್ರಾಮಾಣಿಕತೆಯೆಂದು ಅವನು ಅಭಿಪ್ರಾಯಪಟ್ಟ. ನನ್ನ ಅಭಿಪ್ರಾಯವನ್ನು ನಾನು ಹೇಳಲಿಲ್ಲ. ಮುಂದಿನ ವಾರ ಆ ಮನೆಯವರ ಕೈಯಲ್ಲಿ ಅಜ್ಜಿ ಕಳುಹಿಸಿದ ಪೊಟ್ಟಣ ಬಂತು: ಸಾಕ್ಸುಗಳಿಗೆಲ್ಲ ಇಸ್ತ್ರಿ ಹಾಕಿ, ಜೊತೆಜೊತೆಯಾಗಿ ಮಡಿಸಿಟ್ಟಿದ್ದರು. ನನ್ನವನ್ನು ನಾನು ಅಲ್ಲಿಯೇ ಎತ್ತಿಟ್ಟುಕೊಂಡೆ.

ಈಗ ಯೋಚಿಸಿದರೆ, ಆ ತುರುಕುವ ವಿದ್ಯೆ ಅವನಿಗೆ ಹೊಸದಾಗಿರಲಿಲ್ಲ. ಸ್ಕೂಲು ಶುರುವಾಗುವ ಮುನ್ನ ಶೂ ಕೊಡಿಸುವಾಗ, ಬೆಳೆಯುವ ಕಾಲು ಎಂದು ಅಪ್ಪಂದಿರು ಒಂದು ಸೈಜು ದೊಡ್ಡದನ್ನೇ ಕೊಡಿಸಿ ಮುಂಭಾಗಕ್ಕೆ ಹತ್ತಿ ತುಂಬಿಸುತ್ತಿದ್ದ ಕಾಲದಲ್ಲಿ ಬೆಳೆದವರು ನಾವು. ಬಣ್ಣ ಕಪ್ಪೇ ಆಗಿರಬೇಕು, ಎರಡು ವರ್ಷ ಬರಬೇಕು. ಆರಿಸುವ ಮಾತೇ ಇರಲಿಲ್ಲ. ಯಾರನ್ನೂ ಕೇಳದೆ, ಯಾವ ಉಪಯೋಗವೂ ಇಲ್ಲದೆ, ಬರೀ ಚಂದಕ್ಕೆಂದು ಅವನು ಕೊಂಡ ಮೊದಲ ಶೂ ಅದು. 2000ದ ಮಾರ್ಚಿನಲ್ಲಿ ಶಿಖರ ಮುಟ್ಟಿದ ನ್ಯಾಸ್‌ಡ್ಯಾಕ್ ಶೇರು ಸೂಚ್ಯಂಕ ಜಾರಲು ಶುರುಮಾಡಿ, ಮರುವರ್ಷದ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಎಷ್ಟೋ ಹುಡುಗರ ಕೆಲಸ ಹೋಯಿತು. ಕೆಲಸ ಹೋದರೆ ವೀಸಾವೂ ಹೋದಂತೆಯೇ. ಹಾಸನದವನು ಎರಡು ಸೂಟ್‌ಕೇಸು ಕಟ್ಟಿಕೊಂಡು ಹೊರಟ. ಶೂ ಸೂಟ್‌ಕೇಸಿನೊಳಗೆ ಹಿಡಿಸದ್ದರಿಂದ ಕಾಲಿಗೇ ಹಾಕಿಕೊಂಡಿದ್ದ. ನಾಲಿಗೆಯ ಹಿಂದೆ ಏನೂ ತುರುಕಿರಲಿಲ್ಲ. ಏರ್‌ಪೋರ್ಟಿನಲ್ಲಿ ಬಿಚ್ಚಿಸಿ ನೋಡಿದರೆ ಏನು ಉತ್ತರ ಹೇಳುವುದು ಎಂದ.

ಆಮೇಲೆ ಆ ಶೂಗಳೂ ಹೆಚ್ಚು ದಿನ ಬಾಳಲಿಲ್ಲ. 2002ರಲ್ಲಿ ನೈಕಿ ತನ್ನ ಸ್ಕೇಟ್ ಶೂಗಳೊಂದಿಗೆ ಕಣಕ್ಕಿಳಿಯಿತು, 2004ರಲ್ಲಿ ಕ್ವಿಕ್‌ಸಿಲ್ವರ್ ಎಂಬ ಉಡುಪಿನ ಕಂಪನಿ ಡಿಸಿಯನ್ನು ಕೊಂಡಿತು. ಹುಡುಗರ ಪ್ಯಾಂಟು ಕಾಲಿಗಂಟಿತು, ಶೂ ಮತ್ತೆ ತೆಳ್ಳಗಾಯಿತು. ಹಲಗೆಯ ಮೇಲೆ ನಿಜವಾಗಿ ನಿಲ್ಲುವವರಿಗೆ ಅಂಗಾಲಿಗೆ ಹಲಗೆ ತಿಳಿಯಬೇಕು. ಅಷ್ಟು ಮೆತ್ತೆಯ ಮೇಲೆ ನಿಂತರೆ ಏನು ತಿಳಿದೀತು? ಪಿಯರ್ 7ರ ಕಟ್ಟೆಗಳಿಗೆ ಹಲಗೆ ಉರುಳದ ಹಾಗೆ ಕಬ್ಬಿಣದ ಗುಬುಟು ಬಡಿದರು. ಈಗ ಒಸೈರಿಸ್ ಡಿ3ಯನ್ನು ಪುನಃ ಮಾಡಿ ಮಾರುತ್ತಿದೆ, ಅಡಿ ಉದುರದ ಹೊಸ ಮಾಲು. ಮಗಳಿಗೆ ತೋರಿಸಿದರೆ “ಅದು ರೀಇಶ್ಯೂ ಅಪ್ಪ” ಎಂದು ಮೂಗು ಮುರಿಯುತ್ತಾಳೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಸ್ಕೇಟ್ ಪಾರ್ಕ್ ಇದೆ, ಒಮ್ಮೆಯಾದರೂ ಹೋಗಬಾರದೇ ಎಂದರೆ, “ಶೂ ಹಾಳಾಗುತ್ತಪ್ಪ” ಎನ್ನುತ್ತಾಳೆ. ಇನ್ನು ಹಾಳಾಗಲು ಅದರಲ್ಲಿ ಏನು ಉಳಿದಿದೆಯೋ ನನಗೆ ಕಾಣದು.

ಮೊನ್ನೆ ಸಿಟ್ಟಿನಲ್ಲೇ ಆ ಶೂಗಳ ಫೋಟೊ ತೆಗೆದು ಹಾಸನದವನಿಗೆ ವಾಟ್ಸಾಪಿನಲ್ಲಿ ಕಳುಹಿಸಿದೆ. ಅವನೀಗ ಮೈಸೂರಿನಲ್ಲಿದ್ದಾನೆ, ತಲೆ ಬೋಳಾಗಿದೆ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಡಾಕ್ಟರು ಹೇಳಿದ ಶೂಗಳಲ್ಲಿ ನಡೆಯುತ್ತಾನೆ. ಮಕ್ಕಳ ಖಯಾಲಿಯ ಬಗ್ಗೆ ಇಬ್ಬರೂ ಸೇರಿ ನಾಲ್ಕು ಮಾತು ಬೈಯಬಹುದೆಂದು ನನ್ನ ಎಣಿಕೆ. ನಿಮಿಷದೊಳಗೆ ವಾಯ್ಸ್ ಮೆಸೇಜು ಬಂತು. “ಲೋ, ಅದು ಕಪ್ಪು-ಬಿಳುಪಲ್ಲೇ ಸಿಗುತ್ತೇನೋ? ಡಿಸೆಂಬರಲ್ಲಿ ಬರ್ತಾ ಹತ್ತನೇ ಸೈಜಿಂದು ಒಂದು ಜೊತೆ ತಗೊಂಬಾ, ದುಡ್ಡು ಎಷ್ಟಾದ್ರೂ ಆಗ್ಲಿ.” ಹಿಂದಿನಿಂದ ಅವನ ಹೆಂಡತಿಯ ದನಿ: “ಯಾರಿಗ್ರೀ ಶೂ?” ಒಂದು ಕ್ಷಣ ತಡೆದು ಅವನು, “ಮಕ್ಕಳಿಗೆ ಕಣೆ” ಎಂದದ್ದೂ ರೆಕಾರ್ಡಾಗಿತ್ತು. ಅವನಿಗಿರುವುದು ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಐದನೇ ಕ್ಲಾಸು.