ತೋಳದ ಬೇಟೆಗೆ ಕಟಕ್ ರೊಟ್ಟಿ

ಪಕ್ಕದ ಮನೆ ಅಜ್ಜ ಬೇಲಿಯ ಆಚೆಯಿಂದ ‘ಶನಿವಾರ ತೋಳದ ಬೇಟೆಗೆ ಹೋಗ್ತಿದ್ದೀನಿ, ಬರ್ತೀಯಾ?’ ಅಂತ ಕೇಳಿದಾಗ ನಾನು ಕಸದ ಡಬ್ಬಿ ಎಳೆಯುತ್ತಿದ್ದೆ. ಸಂಕೋಚಕ್ಕೆ ಹೂಂ ಅಂದೆ. ನನ್ನ ಜೀವನದ ಅರ್ಧ ತಾಪತ್ರಯ ಶುರುವಾಗಿದ್ದು ಇಂಥ ಹೂಂಗಳಿಂದಲೇ.

ನಾವಿರುವುದು ಅಮೆರಿಕದ ಮೊಂಟಾನಾದಲ್ಲಿ. ಇಲ್ಲಿಗೆ ಹತ್ತಿರದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ 1995-96ರಲ್ಲಿ ಕೆನಡಾದಿಂದ 31 ತೋಳ ತಂದು ಬಿಟ್ಟರು. ಪಾರ್ಕಿನ ಒಳಗೆ ಬೇಟೆ ಇಲ್ಲ. ಗಡಿ ದಾಟಿ ಹೊರಗೆ ಬಂದರೆ ಸೀಸನ್‌ನಲ್ಲಿ ಲೈಸೆನ್ಸ್ ಇದ್ದವರು ಹೊಡೆಯಬಹುದು. ಪಾಪ, ತೋಳಕ್ಕೆ ಸರ್ವೆ ಕಲ್ಲು ತೋರಿಸುವವರು ಯಾರು? ಇನ್ನು ಎಚ್‌-1ಬಿ ವೀಸಾದ ನಾನು ಬಂದೂಕು ಮುಟ್ಟಬೇಕಾದರೆ ಬೇಟೆ ಲೈಸೆನ್ಸ್ ಬೇಕಂತೆ. ಹಾಗಾಗಿ ಬಂದೂಕು ಅಜ್ಜನದು, ಥರ್ಮಾಸ್ ಹೊರುವುದು ನನ್ನದು ಅಂತ ಒಪ್ಪಂದವಾಯಿತು. ನಿಜ ಹೇಳಬೇಕೆಂದರೆ, ತೋಳ ಸಿಗದಿರಲಿ ಅಂತಲೇ ನನ್ನ ಹರಕೆ.

ಕೊಪ್ಪಳದಿಂದ ಅವ್ವ ವಿಡಿಯೋ ಕಾಲ್‌ನಲ್ಲಿ ಬಂದಳು. ‘ಅಲ್ಲೋ ಯಪ್ಪಾ, ಇಲ್ಲಿ ತ್ವಾಳ ಬಂತಂದ್ರ ಕುರಿಯವ್ರು ರಾತ್ರಿಯೆಲ್ಲಾ ಎಚ್ಚರ ಕುಂಡ್ರತಾರ. ನೀ ಅದನ್ನ ಹುಡುಕ್ಕೊಂತ ಹೊಂಟೀ ಏನು?’ ಎರಡು ನಿಮಿಷ ಸುಮ್ಮನಿದ್ದು, ‘ಹೋಗಾವ ಇದ್ರ ಮಂಕಿ ಟೋಪಿ ಹಾಕ್ಕೋ’ ಅಂದಳು.

ಟೋಪಿ ಒಂದು ಸಾಕೇ? ಹೊರಗೆ ಮೈನಸ್ 25. ಹತ್ತಿ ಬಟ್ಟೆ ಬೆವರು ಕುಡಿದು ಮೈ ತಣ್ಣಗಾಗಿಸುತ್ತೆ, ಉಣ್ಣೆಯದೇ ಹಾಕು ಅಂದ ಅಜ್ಜ. ನಾನು ಮೂರು ಜೊತೆ ಉಣ್ಣೆ ಸಾಕ್ಸ್ ಹಾಕಿ ಬೂಟಿನೊಳಗೆ ಕಾಲು ತುರುಕಿದೆ. ಬಿಗಿಗೆ ರಕ್ತವೇ ಓಡದೆ ಬೆರಳು ಇನ್ನೂ ಜಾಸ್ತಿ ತಣ್ಣಗಾಯಿತು. ಕೈ ಬೆಚ್ಚಗಿಡುವ ಪುಟ್ಟ ಪೊಟ್ಟಣ ಎಂಟು ತಂದಿದ್ದೆ. ಕೆಲಸ ಮಾಡುತ್ತವೋ ಇಲ್ಲವೋ ನೋಡೋಣ ಅಂತ ಹಿಂದಿನ ರಾತ್ರಿ ಎಂಟನ್ನೂ ಒಡೆದೆ. ಒಳಗಿರುವುದು ಕಬ್ಬಿಣದ ಪುಡಿ. ಗಾಳಿ ತಾಗಿದರೆ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತೆ. ಕೆಲಸ ಚೆನ್ನಾಗಿಯೇ ಮಾಡಿದವು, ನಾನು ಮಲಗಿದ್ದಾಗ. ಬೆಳಗಿನ ನಾಲ್ಕಕ್ಕೆ ಎಂಟೂ ತಣ್ಣನೆ ಕಲ್ಲು.

ಇದೆಲ್ಲ ಇರಲಿ. ದೊಡ್ಡ ಗಂಡಾಂತರ ಬಂದಿದ್ದು ಮೂಗಿನಿಂದ. ಬುಧವಾರ ಅಜ್ಜ ಬಂದು ನನ್ನ ಜಾಕೆಟ್ ಮೂಸಿದ. ಮತ್ತೊಮ್ಮೆ ಮೂಸಿದ.

‘ಏನಿದು?’

‘ಇಂಗು.’

‘ತೋಳಕ್ಕೆ ಇದು ಪಾರ್ಕಿನ ಆ ಕಡೆಗೂ ಹೊಡೆಯುತ್ತೆ’ ಅಂದ. ತಾನು ಎರಡು ವಾರದಿಂದ ವಾಸನೆಯಿಲ್ಲದ ಸೋಪಿನಲ್ಲಿ ಸ್ನಾನ ಮಾಡುತ್ತಿದ್ದಾನಂತೆ. ಜಾಕೆಟನ್ನು ಅಡಿಗೆ ಸೋಡಾ ಹಾಕಿ ಮೂರು ಸಲ ಒಗೆದೆ. ಗ್ಯಾರೇಜಿನಲ್ಲಿ ಪೈನ್ ಕೊಂಬೆಗಳ ನಡುವೆ ನೇತುಹಾಕಿದೆ. ಶುಕ್ರವಾರ ಸಂಜೆ ಹೋಗಿ ಮೂಸಿದರೆ ಥೇಟ್ ಕಾಡು! ಕುಣಿಯುತ್ತಾ ಒಳಗೆ ಬಂದರೆ ಹೆಂಡತಿ ಬಳ್ಳೊಳ್ಳಿ ಜಜ್ಜಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಳೆ. ಅಡಿಗೆಮನೆಗೂ ಗ್ಯಾರೇಜಿಗೂ ನಡುವಿನ ಬಾಗಿಲು ನಾನೇ ತೆರೆದಿಟ್ಟು ಬಂದಿದ್ದೆ. ಕೂಗಾಡಿದೆ.

‘ಒಗ್ಗರಣಿ ವಾಸನಿಗೆ ತೋಳ ಓಡಿ ಹೋಗೂದಿಲ್ರೀ, ತಾಟು ಹಿಡಕೊಂಡು ಬರ್ತದ’ ಅಂದಳು.

ಶನಿವಾರ ಬೆಳಕು ಹರಿಯುವ ಮೊದಲೇ ಗುಡ್ಡದ ಓರೆಯಲ್ಲಿ ಗಾಳಿಗೆ ಮುಖ ಮಾಡಿ ಕೂತೆವು. ಅಲುಗಬೇಡ, ಮಾತು ಬೇಡ, ಅಂತ ಅಜ್ಜನ ಕೈಸನ್ನೆ. ಎರಡು ತಾಸು ಕಳೆಯಿತು. ಬೆರಳು ಬೆಚ್ಚಗಾಗಲಿ ಅಂತ ಜೇಬಿಗೆ ಕೈ ಹಾಕಿದೆ. ಏನೋ ಗಟ್ಟಿಯಾಗಿ ಸಿಕ್ಕಿತು. ಹೆಂಡತಿ ಗೊತ್ತಾಗದಂತೆ ಇಟ್ಟಿದ್ದ ಬುತ್ತಿ: ಶೇಂಗಾ ಚಟ್ನಿಪುಡಿ ಸವರಿದ ಕಟಕ್ ರೊಟ್ಟಿ. ಅಜ್ಜನ ಮೂಗು ತಾನಾಗಿಯೇ ಈ ಕಡೆ ತಿರುಗಿತು. ಹೆದರುತ್ತಾ ಒಂದು ತುಂಡು ಕೈಗಿಟ್ಟೆ. ಬಾಯಿಗಿಟ್ಟು ಕಚ್ಚಿದ.

ಕಟಕ್!

ಎದುರಿನ ಮರದಿಂದ ಎರಡು ದೊಡ್ಡ ಕಾಗೆ ಹಾರಿಹೋದವು. ಅಜ್ಜ ಕಣಿವೆಯ ಕಡೆ ಒಮ್ಮೆ ನೋಡಿದ. ಬಂದೂಕನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಗ್ಲೌಸ್ ಬಿಚ್ಚಿ ಕೈ ಚಾಚಿದ.