ಅಮ್ಮಾ, ನಾನಿವತ್ತು ಯಾವ ಬಣ್ಣ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಶಿವಮೊಗ್ಗದಲ್ಲಿ ಬೆಳಗಿನಿಂದ ಒಂದೇ ಸಮನೆ ಮಳೆ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದು ರೇನ್‌ಕೋಟ್ ಬಿಚ್ಚಿ ತಲೆ ಒರೆಸುತ್ತಿದ್ದೆ. ನಾಲ್ಕು ವರ್ಷ ಅವಳಿಗೆ. ಟವೆಲ್ ಒಳಗಿಂದಲೇ ಕೇಳಿದಳು, "ಅಮ್ಮಾ, ನಾನಿವತ್ತು ಯಾವ ಬಣ್ಣ?"

ಮೊದಲು ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು. ಎದೆ ಧಸಕ್ಕೆಂದಿತು.

ಅವಳ ಶಾಲೆಯಲ್ಲಿ ಈ ವರ್ಷದಿಂದ ಒಂದು ಆ್ಯಪ್ ಬಂದಿದೆ. ಮಗು ತಿಂಡಿ ತಿಂದಿತಾ, ನಿದ್ದೆ ಮಾಡಿತಾ, ಎಲ್ಲಾ ಅದರಲ್ಲಿ ಬರುತ್ತದೆ. ಜೊತೆಗೆ ಮೂಡ್. ಹಸಿರು ಮುಖ ಅಂದರೆ ಖುಷಿ, ಹಳದಿ ಅಂದರೆ ಸಪ್ಪೆ, ಕೆಂಪು ಅಂದರೆ ಸಿಟ್ಟು, ಹಠ. ಶನಿವಾರ ಇಡೀ ವಾರದ ಗ್ರಾಫ್. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಫೋನ್ ಟಣ್ ಅಂದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ನೋಡುತ್ತಿದ್ದೆ. ಎರಡು ವಾರ ಬರೀ ಕೆಂಪು. ಮನೆಗೆ ಬಂದ ಕೂಡಲೇ "ಯಾಕೆ ಇವತ್ತೂ ಕೆಂಪು?" ಅಂತ ಕೇಳುತ್ತಿದ್ದೆ. ಅವಳಿಗೆ ಆ ಭಾಷೆ ಕಲಿಸಿದ್ದು ನಾನೇ.

ಅದಕ್ಕಿಂತ ಬೇಜಾರಿನ ಇನ್ನೊಂದು ವಿಷಯ ಇದೆ. ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡು ಬಂದಿದ್ದಳು. "ಅಳಲಿಲ್ಲ ಅಮ್ಮ, ಅತ್ತರೆ ಕೆಂಪಾಗುತ್ತೆ" ಅಂದಳು. ನೋವಾದಾಗ ಅಳುವುದಕ್ಕೂ ಹೆದರುವ ಮಗು ನನ್ನ ಮಗಳು.

ಆ ವಾರ ತೀರ್ಥಹಳ್ಳಿ ಕಡೆಯ ತವರಿಗೆ ಹೋದೆವು. ಅಲ್ಲಿ ಫೋನ್‌ಗೆ ಸಿಗ್ನಲ್ ಬೇಕಂದರೆ ತೋಟದ ಏರಿ ಹತ್ತಬೇಕು. ಗ್ರಾಫಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೆ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಎಂತದೇ ಇದು, ಜ್ವರದ ಚಾರ್ಟ್ ಇದ್ದ ಹಾಗೆ ಇದೆ. ಸಿಟ್ಟು ಎಂತಕ್ಕೆ ಬಂತು ಅಂತ ಬರೆದಿದಾರಾ?"

ಇಲ್ಲ. ಬರೆದಿರಲಿಲ್ಲ. ನಾನೂ ಒಂದು ದಿನವೂ ಮಿಸ್‌ ಹತ್ತಿರ ಹಾಗೆ ಕೇಳಿರಲಿಲ್ಲ.

ಮರುದಿನ ಅಮ್ಮ ಅವಳ ಶಾಲೆ ಡಬ್ಬಿಗೇ ಕೋಡುಬಳೆ ತುಂಬಿ ಕೊಟ್ಟರು. ಜಗಲಿಯಲ್ಲಿ ಕೂತು ತಿನ್ನು ಅಂದರು. ಸಾರು ಬ್ಯಾಗಲ್ಲಿ ಚೆಲ್ಲಬಾರದು ಅಂತ ಜೂನ್‌ನಲ್ಲಿ ನಾನೇ ತಂದ ಡಬ್ಬಿ ಅದು. ನಾಲ್ಕೂ ಕಡೆ ಕ್ಲಿಪ್. ಮಗಳು ಒಂದು ಕ್ಲಿಪ್ ಎತ್ತಿದಳು. ಎರಡನೆಯದು ಬರಲಿಲ್ಲ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ತೊಡೆ ಮಧ್ಯೆ ಇಟ್ಟುಕೊಂಡು ಎಳೆದಳು. ಆಮೇಲೆ ಡಬ್ಬಿ ಪಕ್ಕಕ್ಕೆ ತಳ್ಳಿ, ಮಳೆ ನೋಡುತ್ತಾ ಸುಮ್ನೆ ಕೂತಳು. ತೆಗೆದುಕೊಡಿ ಅಂತ ಯಾರನ್ನೂ ಕೇಳಲಿಲ್ಲ. ಅಮ್ಮ ಒಳಗೆ ಬಂದು ಮೆಲ್ಲಗೆ ಹೇಳಿದರು, "ಆ ಮುಚ್ಚಳ ತೆಗೆಯಲಿಕ್ಕೆ ಬರುವುದಿಲ್ಲ ಮಾರಾಯ್ತಿ ಅದಕ್ಕೆ. ಹಸಿದು ಕೂತಿರುತ್ತದೆ."

ಸೋಮವಾರ ಮಿಸ್‌ ಹತ್ತಿರ ಕೇಳಿದೆ. ಹತ್ತೂವರೆಗೆ ತಿಂಡಿ ಹೊತ್ತು. ಕೇಳಿದ ಮಕ್ಕಳಿಗೆ ಅವರು ಡಬ್ಬಿ ತೆಗೆದುಕೊಡುತ್ತಾರೆ. ಇವಳು ಕೇಳುವುದಿಲ್ಲ. ಮುಚ್ಚಿದ ಡಬ್ಬಿ ನೋಡಿ, ಊಟ ಬೇಡ ಅಂತ ಹಠ ಮಾಡ್ತಾಳೆ ಅಂದುಕೊಂಡಿದ್ದರಂತೆ. ಹನ್ನೊಂದೂವರೆ ಹೊತ್ತಿಗೆ ಪಕ್ಕದವರನ್ನು ತಳ್ಳುವುದು, ಅಳುವುದು ಶುರು. ಕೆಂಪು ಮುಖ.

ಮಿಸ್ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು, ಅಷ್ಟೂ ಮಕ್ಕಳಿಗೆ ಆ್ಯಪ್‌ನಲ್ಲಿ ಮುಖ ಒತ್ತಿ ಕಳಿಸಬೇಕು. ಅಷ್ಟು ಹೊತ್ತು ಅವರ ಕಣ್ಣು ಮಕ್ಕಳ ಮೇಲಲ್ಲ, ಫೋನ್ ಮೇಲೆ. ನನ್ನ ಕಣ್ಣೂ ಫೋನ್ ಮೇಲೆ. ಮಗುವನ್ನು ನೋಡುವವರು ಯಾರು?

ನಮ್ಮೂರ ಅಂಗನವಾಡಿ ಟೀಚರ್ ಕೈಯಲ್ಲೂ ಫೋನ್ ಇದೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ಹಾಕುತ್ತಾರೆ. ಅದು ಸರಿ. ತೂಕ ಅಳೆಯೋಕೆ ತಕ್ಕಡಿ ಇದೆ. ಕಡಿಮೆ ಇದ್ದರೆ ಏನು ಮಾಡಬೇಕು ಅನ್ನುವುದೂ ಗೊತ್ತು. ತುಂಗೆ ಎಷ್ಟು ಏರಿದೆ ಅಂತ ತಿಳಿಯೋಕೆ ನಾವು ಶಿವಮೊಗ್ಗದವರು ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಎಷ್ಟು ಮುಳುಗಿದೆ ಅಂತ ನೋಡುತ್ತೇವೆ. ಸಿಟ್ಟಿಗೆ ಅಂಥ ಮಂಟಪ ಎಲ್ಲಿದೆ? ಈ ವಯಸ್ಸಿನ ಮಕ್ಕಳಿಗೆ ಹಸಿವು, ನಿದ್ದೆ, ಕಿವಿನೋವು, ಒಂದಕ್ಕೆ ತಡೆದುಕೊಂಡಿದ್ದು, ಎಲ್ಲವೂ ಅಳುವಾಗಿಯೇ ಹೊರಗೆ ಬರುತ್ತದೆ. ಹೊರಗಿಂದ ನೋಡಿದರೆ ಎಲ್ಲವೂ ಹಠವೇ.

ಬರೆದಿಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲಿ ಒಂದು ಮಗುವಿಗೆ ಫಿಟ್ಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು ಬರೆದಿಡಿ, ಸಾಧ್ಯವಾದರೆ ವಿಡಿಯೋ ಮಾಡಿ ಅಂತ ಡಾಕ್ಟರೇ ಹೇಳಿದ್ದಾರೆ. ಔಷಧಿ ಜಾಸ್ತಿ ಮಾಡಬೇಕಾ ಬೇಡವಾ ಅಂತ ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಅಲ್ಲಿ ಬರೆದದ್ದು ಓದಿ ಏನೋ ಒಂದು ಮಾಡುವವರು ಇದ್ದಾರೆ. ನಮ್ಮ ಕೆಂಪು ಮುಖಗಳನ್ನು ಓದಿ ಯಾರು ಏನು ಮಾಡಿದರು?

ಇನ್ನೊಂದು ವಿಷಯ. ಈ ಮುಖಗಳೆಲ್ಲ ಯಾವುದೋ ಕಂಪನಿಯ ಕಂಪ್ಯೂಟರ್‌ನಲ್ಲಿ ಕೂತಿರುತ್ತವೆ, ಅಲ್ವಾ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆ ಮೇಲೆ ಕಣ್ಣಿಡುವ ಹಾಗಿಲ್ಲ. 2025ರ ನಿಯಮಗಳಲ್ಲಿ ಶಾಲೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ಅದೂ ಕಲಿಕೆಗೆ ಮತ್ತು ಮಕ್ಕಳ ಸುರಕ್ಷತೆಗೆ ಮಾತ್ರ. ಇವು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ನಾನು ಮಾತ್ರ ಅಡ್ಮಿಷನ್ ದಿನ ಕ್ಯೂನಲ್ಲಿ ನಿಂತು, ಒಂದಕ್ಷರ ಓದದೆ, "ಒಪ್ಪಿಗೆ" ಅಂತ ಒತ್ತಿ ಬಂದಿದ್ದೆ. ಈ ದಾಖಲೆ ಎಷ್ಟು ವರ್ಷ ಇಡುತ್ತೀರಿ, ಯಾರು ನೋಡುತ್ತಾರೆ, ಅಳಿಸಿ ಅಂದರೆ ಅಳಿಸುತ್ತೀರಾ ಅಂತ ಈಗ ಶಾಲೆಗೆ ಬರೆದು ಕೇಳಿದ್ದೇನೆ. ಉತ್ತರ ಬಂದಿಲ್ಲ. ನಿಮ್ಮ ಮಕ್ಕಳ ಶಾಲೆಯಲ್ಲೂ ಇಂಥದ್ದು ಇದ್ದರೆ ದಯವಿಟ್ಟು ನೀವೂ ಕೇಳಿ. ಹತ್ತು ಜನ ಅಪ್ಪ ಅಮ್ಮಂದಿರು ಕೇಳಿದರೆ ಹೇಳಲೇಬೇಕಾಗುತ್ತದೆ.

ಡಬ್ಬಿ ಬದಲಾಯಿಸಿದ್ದೇನೆ. ಅಮ್ಮನ ಮನೆಯ ಹಳೇ ಸ್ಟೀಲ್ ಡಬ್ಬಿ, ಸಡಿಲ ಮುಚ್ಚಳದ್ದು. ಸಾರು ಚೆಲ್ಲಿದರೆ ಚೆಲ್ಲಲಿ, ಬ್ಯಾಗ್ ತೊಳೆಯುತ್ತೇನೆ. ಆ್ಯಪ್ ತೆಗೆದುಹಾಕಿದ್ದೇನೆ. ಗೇಟ್ ಹತ್ತಿರ ಮಿಸ್ ಸಿಕ್ಕಾಗ ಎರಡು ನಿಮಿಷ ಮಾತಾಡುತ್ತೇವೆ. ಅವರಿಗೂ ಅದೇ ಇಷ್ಟವಂತೆ.

ಮಗಳು ಮಾತ್ರ ಬಣ್ಣ ಕೇಳುವುದನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಮೊನ್ನೆಯೂ ಚಪ್ಪಲಿ ಬಿಚ್ಚುತ್ತಾ ಕೇಳಿದಳು. "ನಾನು ನೋಡಿಲ್ಲ ಪುಟ್ಟಿ, ಇವತ್ತು ಏನಾಯ್ತು, ನೀನೇ ಹೇಳು" ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಕೈ ತೊಳೆಯುವ ನಲ್ಲಿ ಹತ್ತಿರ ಕಪ್ಪೆ ಬಂದಿದ್ದರ ಬಗ್ಗೆ ಶುರು ಮಾಡಿದಳು.