ಹಲವು ಪ್ರಾಜೆಕ್ಟ್‌ಗಳು ಬಳಸುವ ಕೋಡ್‌ಗೆ ಗಿಟ್ ಸಬ್‌ಮಾಡ್ಯೂಲ್ ಬೇಕೇ?

ಪರ

ಬಿಲ್ಲಿಂಗ್ ತಂತ್ರಾಂಶ, ಮೊಬೈಲ್ ಆ್ಯಪ್, ಲೆಕ್ಕಪತ್ರದ ವರದಿ, ಈ ಮೂರಕ್ಕೂ ಜಿಎಸ್‌ಟಿ ಲೆಕ್ಕ ಹಾಕುವ ಕೋಡ್ ಒಂದೇ ಎಂದುಕೊಳ್ಳೋಣ. ಅದನ್ನು ಮೂರು ಕಡೆ ಕಾಪಿ ಮಾಡಿಟ್ಟುಕೊಂಡ ತಂಡವು, 2025ರ ಸೆಪ್ಟೆಂಬರ್ 22ರಂದು ಹೆಚ್ಚಿನ ಸರಕುಗಳು ಶೇ 12 ಮತ್ತು ಶೇ 28ರ ಹಂತಗಳಿಂದ ಹೊರಬಂದಂತಹ ಸಂದರ್ಭದಲ್ಲಿ, ಮೂರು ಕಡೆಯೂ ತಿದ್ದಬೇಕಾಗುತ್ತದೆ. ಅಷ್ಟರಲ್ಲಿ ಪ್ರತಿಯೊಂದು ಕಾಪಿಗೂ ಯಾರ್‍ಯಾರದೋ ಸಣ್ಣಪುಟ್ಟ ತಿದ್ದುಪಡಿಗಳು ಸೇರಿ, ಯಾವುದು ಸರಿ ಎಂದು ಹೇಳುವವರೇ ಇರುವುದಿಲ್ಲ.

ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ ಗಿಟ್; ಅದರಲ್ಲಿ ಒಂದು ಪ್ರಾಜೆಕ್ಟ್‌ನೊಳಗೆ ಇನ್ನೊಂದನ್ನು ಸೇರಿಸಿಕೊಳ್ಳುವ ವಿಧಾನವೇ ಸಬ್‌ಮಾಡ್ಯೂಲ್. ಇದರಲ್ಲಿ ಆ ಕೋಡ್‌ಗೆ ತನ್ನದೇ ರೆಪಾಸಿಟರಿ (ಫೈಲುಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹ) ಇರುತ್ತದೆ. ಬಳಸುವ ಪ್ರಾಜೆಕ್ಟ್ ತನ್ನ ಇತಿಹಾಸದಲ್ಲಿ ದಾಖಲಿಸುವುದು ಫೈಲುಗಳನ್ನಲ್ಲ, ಒಂದು ನಿರ್ದಿಷ್ಟ ಕಮಿಟ್‌ನ (ದಾಖಲಾದ ಒಂದು ಆವೃತ್ತಿಯ) ಹ್ಯಾಶ್ ಅನ್ನು, ಅಂದರೆ ಅದನ್ನು ಗುರುತಿಸುವ ಅಕ್ಷರ-ಅಂಕಿಗಳ ಸಾಲನ್ನು. ಹಾಗಾಗಿ ಹಳೆಯ ರಿಲೀಸೊಂದನ್ನು ಚೆಕ್‌ಔಟ್ ಮಾಡಿ (ಮತ್ತೆ ತೆರೆದು) ಸಬ್‌ಮಾಡ್ಯೂಲ್ ಅಪ್‌ಡೇಟ್ ಕಮಾಂಡ್ ಕೊಟ್ಟರೆ ಅಂದಿನ ತೆರಿಗೆ ಕೋಡೇ ಬರುತ್ತದೆ. ಹಳೆಯ ಇನ್‌ವಾಯ್ಸ್ ಬಗ್ಗೆ ಗ್ರಾಹಕರು ಪ್ರಶ್ನಿಸಿದಾಗ ಉತ್ತರ ಕೊಡಲು ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. 2007ರ ಗಿಟ್ 1.5.3ರಿಂದಲೇ ಈ ಸೌಲಭ್ಯ ಇರುವುದರಿಂದ, ಇದಕ್ಕಾಗಿ ಪ್ಯಾಕೇಜ್ ರಿಜಿಸ್ಟ್ರಿಯೊಂದನ್ನು (ಹಂಚಿಕೊಳ್ಳುವ ಕೋಡ್‌ನ ಆವೃತ್ತಿಗಳನ್ನು ಇಡುವ ಸರ್ವರ್) ನಡೆಸುವ ಖರ್ಚೂ ಇಲ್ಲ.

ವಿರೋಧ

ದಾಖಲೆ ನಿಖರವಾಗಿರುತ್ತದೆ, ನಿಜ. ಆದರೆ ಆ ನಿಖರತೆ ಉಳಿಯುವುದು ತಂಡದ ಪ್ರತಿಯೊಬ್ಬರೂ ಪ್ರತಿದಿನವೂ ಎಚ್ಚರವಾಗಿದ್ದರೆ ಮಾತ್ರ.

ಪ್ರಾಜೆಕ್ಟ್ ಅನ್ನು ಸಾಮಾನ್ಯ ರೀತಿಯಲ್ಲಿ ಕ್ಲೋನ್ ಮಾಡಿದವರಿಗೆ, ಅಂದರೆ ತಮ್ಮ ಕಂಪ್ಯೂಟರಿಗೆ ನಕಲು ಇಳಿಸಿಕೊಂಡವರಿಗೆ, ಸಬ್‌ಮಾಡ್ಯೂಲ್ ಫೋಲ್ಡರ್ ಖಾಲಿ ಸಿಗುತ್ತದೆ. ಅದು ಸಣ್ಣ ತೊಂದರೆ, ಒಂದು ಕಮಾಂಡ್‌ನಿಂದ ಪರಿಹಾರವಾಗುತ್ತದೆ. ನಿಜವಾದ ಅಪಾಯ ಬೇರೆ. ಸಹೋದ್ಯೋಗಿಯೊಬ್ಬರು ಹೊಸ ತೆರಿಗೆ ದರವಿರುವ ಕಮಿಟ್‌ಗೆ ಹ್ಯಾಶ್ ಬದಲಿಸಿ ಪುಷ್ ಮಾಡಿದ್ದಾರೆ (ಎಲ್ಲರೂ ಹಂಚಿಕೊಳ್ಳುವ ರೆಪಾಸಿಟರಿಗೆ ಕಳಿಸಿದ್ದಾರೆ) ಎನ್ನಿ. ನಾನು ಪುಲ್ ಮಾಡುತ್ತೇನೆ, ಅಂದರೆ ಅಲ್ಲಿಂದ ಹೊಸ ಬದಲಾವಣೆಗಳನ್ನು ತರಿಸಿಕೊಳ್ಳುತ್ತೇನೆ. ಬೇರೆ ಸೆಟ್ಟಿಂಗ್ ಇಲ್ಲದಿದ್ದರೆ ಪುಲ್‌ನಿಂದ ಸಬ್‌ಮಾಡ್ಯೂಲ್‌ನ ಫೈಲುಗಳು ಬದಲಾಗುವುದಿಲ್ಲ, ನನ್ನ ಫೋಲ್ಡರಿನಲ್ಲಿ ಹಳೆಯ ದರವೇ ಇರುತ್ತದೆ. ಅದನ್ನು ಗಮನಿಸದೆ ನನ್ನ ಕೆಲಸ ಮುಗಿಸಿ, ಎಲ್ಲವನ್ನೂ ಒಟ್ಟಿಗೆ ಆ್ಯಡ್ ಮಾಡಿ ಕಮಿಟ್ ಮಾಡಿದರೆ, ಹಳೆಯ ಹ್ಯಾಶ್ ಮತ್ತೆ ದಾಖಲಾಗುತ್ತದೆ. ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳು ಹೊಂದುತ್ತಿಲ್ಲ ಎಂಬ ತಡೆ) ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ; ರಿವ್ಯೂ ಮಾಡುವವರಿಗೆ ಡಿಫ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಕಾಣುವುದು ಒಂದು ಹ್ಯಾಶ್ ಹೋಗಿ ಇನ್ನೊಂದು ಬಂದದ್ದಷ್ಟೇ, ಯಾವುದು ಹಳೆಯದು ಎಂಬುದು ಅಕ್ಷರ ನೋಡಿ ತಿಳಿಯುವಂಥದ್ದಲ್ಲ. ಗ್ರಾಹಕರಿಗೆ ತಪ್ಪು ಬಿಲ್ ಹೋದ ಮೇಲೆಯೇ ವಿಷಯ ಹೊರಬೀಳುತ್ತದೆ.

ಒಂದೇ ತಂಡದ ಕೈಯಲ್ಲಿರುವ ಮೂರು ಪ್ರಾಜೆಕ್ಟ್‌ಗಳನ್ನು ಒಂದೇ ರೆಪಾಸಿಟರಿಯಲ್ಲಿ ಇಡುವುದು ಮೇಲು. ತೆರಿಗೆಯ ಫಂಕ್ಷನ್ ಮತ್ತು ಅದನ್ನು ಕರೆಯುವ ಮೂರೂ ಜಾಗಗಳು ಆಗ ಒಂದೇ ಕಮಿಟ್‌ನಲ್ಲಿ ಬದಲಾಗುತ್ತವೆ, ಟೆಸ್ಟ್‌ಗಳೂ ಒಟ್ಟಿಗೆ ಓಡುತ್ತವೆ. ಬೇರೆಯವರು ಬರೆದ, ಅಪರೂಪಕ್ಕೆ ಬದಲಾಗುವ ಲೈಬ್ರರಿಗೆ ಸಬ್‌ಮಾಡ್ಯೂಲ್ ಇರಲಿ. ವಾರಕ್ಕೊಮ್ಮೆ ತಿದ್ದುವ ಸ್ವಂತ ಕೋಡ್‌ಗೆ ಬೇಡ.